ಹಗುರಾದ ಫ್ಲೈವೀಲ್

ಮರುದಿನದ ರೇಸಿಗೆಂದು ಒಂದು ಹಳೆಯ ಕಾರು ಸಜ್ಜಾಗುತ್ತಿತ್ತು. ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ ಫ್ಲೈವೀಲ್. ವೇಗ ಬೇಗ ಏರಲೆಂದು ಮೇಸ್ತ್ರಿ ಇನಾಸ ಅದನ್ನು ಲೇತಿಗೆ ಕೊಟ್ಟು, ಮೂರು ಕಿಲೋ ಕಬ್ಬಿಣ ಹೆರೆಸಿ ತೆಗೆಸಿ, ಮತ್ತೆ ಕೂರಿಸಿದ. ಎಂಜಿನ್ ಚಾಲೂ ಆದಾಗ, ಅದರ ಬಲವನ್ನು ಗಾಲಿಗಳಿಗೆ ದಾಟಿಸುವ ಪಕ್ಕದ ಕ್ಲಚ್ಚು ಎಂದಿನಂತೆ ಫ್ಲೈವೀಲನ್ನು ಒಮ್ಮೆಲೇ ಹಿಡಿಯಿತು. ಎಂಜಿನ್ ಕೆಮ್ಮಿ ನಿಂತಿತು. ಎರಡನೆಯ ಸಲವೂ ಹಾಗೇ ಆಯಿತು.

“ಇನ್ನೊಂದು ಸಲ ನಿಂತರೆ ಈ ಕ್ಲಚ್ಚನ್ನು ಗುಜರಿಗೆ ಹಾಕೋಣ,” ಎಂದ ಇನಾಸ.

ಕ್ಲಚ್ಚು ಫ್ಲೈವೀಲನ್ನು ದೂರಿತು: “ಅಣ್ಣಾ, ಹತ್ತು ವರ್ಷ ನಾನು ಹೀಗೇ ಹಿಡಿದಿದ್ದೇನೆ. ಒಂದು ದಿನವೂ ಎಂಜಿನ್ ನಿಂತಿರಲಿಲ್ಲ. ತಪ್ಪು ನಿನ್ನದು.”

“ಹತ್ತು ವರ್ಷವೂ ನೀನು ಅವಸರ ಮಾಡುತ್ತಿದ್ದೆ ತಮ್ಮಾ,” ಎಂದಿತು ಫ್ಲೈವೀಲ್. “ನನ್ನ ಭಾರ ಅದನ್ನು ತಡೆದುಕೊಳ್ಳುತ್ತಿತ್ತು. ನಿನಗೆ ಗೊತ್ತಾಗಲಿಲ್ಲ, ಅಷ್ಟೇ.”

“ಹಾಗಾದರೆ ಆ ಭಾರವನ್ನು ವಾಪಸು ತರಿಸಿಕೋ.”

“ಅದು ಲೇತಿನ ಕೆಳಗೆ ಚೂರಾಗಿ ಬಿದ್ದಿದೆ. ಇನ್ನು ಬರುವುದಿಲ್ಲ. ಉಳಿದಿರುವುದು ನಾನಿಷ್ಟೇ. ಇಷ್ಟನ್ನು ಹಿಡಿಯಲು ಕಲಿ.”

ಮೂರನೆಯ ಸಲ ಎಂಜಿನ್ ಗರ್ಜಿಸಿದಾಗ ಕ್ಲಚ್ಚು ಮೊದಲು ಬರೀ ಮುಟ್ಟಿತು, ಆಮೇಲೆ ಕೂದಲೆಳೆಯಷ್ಟು ಒತ್ತಿತು. ಉಜ್ಜಿ ಉಜ್ಜಿ ಮೈ ಸುಟ್ಟಿತು. ಬಿಟ್ಟುಬಿಡೋಣ ಎನಿಸಿತು, ಬಿಡಲಿಲ್ಲ. ಒಮ್ಮೆಲೇ ಕಚ್ಚೋಣ ಎನಿಸಿತು, ಕಚ್ಚಲಿಲ್ಲ. ಎಂಜಿನ್ನಿನ ದನಿ ತಗ್ಗಿತು, ಆದರೆ ನಿಲ್ಲಲಿಲ್ಲ. ಕಾರು ಮುಂದಕ್ಕೆ ಚಿಮ್ಮಿತು.

“ತುಂಬಾ ಸುಟ್ಟಿತೇ ತಮ್ಮಾ?” ಎಂದು ಫ್ಲೈವೀಲ್ ಕೇಳಿತು.

“ಸುಟ್ಟಿತು,” ಎಂದಿತು ಕ್ಲಚ್ಚು. “ಆದರೆ ಇನ್ನೂ ಹದ ಸಿಕ್ಕಿಲ್ಲ ಅಣ್ಣಾ. ಇನ್ನೊಂದು ಸಲ ಮಾಡೋಣ.”