ಚೀಲವಿಲ್ಲದ ಬುಧವಾರ

ತುಂಗಭದ್ರೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಆಶ್ರಮವೆಂದರೆ ಎರಡು ಕೋಣೆ, ಒಂದು ಬೇವಿನ ಮರ, ಬಾಗಿಲ ಮೇಲೊಂದು ಮರದ ಶಿಲುಬೆ, ಅಷ್ಟೇ. ಇನ್ನಾಸಪ್ಪ ಎಂಬ ಮುದಿ ಗುರುಗಳು ಒಂಬತ್ತು ವರ್ಷದಿಂದ ಅಲ್ಲಿದ್ದರು. ಪಾದ್ರಿಯಾಗುವ ಗುರುದೀಕ್ಷೆಗೆ ಮೊದಲು ಒಂದು ವರ್ಷ ಅವರ ಹತ್ತಿರ ಕಲಿಯಲಿ ಎಂದು ಧರ್ಮಾಧ್ಯಕ್ಷರು ಕೊಳ್ಳೇಗಾಲದ ಕಡೆಯ ಚೌರಪ್ಪನನ್ನು ಕಳಿಸಿದ್ದರು.

ವರ್ಷದ ಕೊನೆಗೆ ಗುರುಗಳು ಒಂದು ಕಾಗದ ಬರೆಯಬೇಕು. ಯೋಗ್ಯ ಎಂದು ಬರೆದರೆ ದೀಕ್ಷೆ. ಇಲ್ಲವಾದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ. ಹನ್ನೆರಡನೇ ವಯಸ್ಸಿನಿಂದ ಚೌರಪ್ಪ ಗುರುವಾಗುವುದೊಂದನ್ನು ಬಿಟ್ಟು ಬೇರೇನನ್ನೂ ಬಯಸಿದವನಲ್ಲ. ಆ ಕಾಗದದ ಯೋಚನೆಯಲ್ಲಿ ಅವನಿಗೆ ಊಟವೇ ಸೇರುತ್ತಿರಲಿಲ್ಲ.

ಹೊಳೆಯಾಚೆ ಕಲ್ಲು ಒಡೆಯುವವರ ಹಟ್ಟಿ ಇತ್ತು. ಪ್ರತಿ ಬುಧವಾರ ಚೌರಪ್ಪ ಹರಿಗೋಲು ಹತ್ತಿ ಅಲ್ಲಿಗೆ ಹೋಗುತ್ತಿದ್ದ. ಹೆಗಲಲ್ಲಿ ದೊಡ್ಡ ಚೀಲ. ಅದರಲ್ಲಿ ಜ್ವರದ ಮಾತ್ರೆ, ಮಕ್ಕಳಿಗೆ ಬಿಸ್ಕತ್ತು, ಯೇಸುಸ್ವಾಮಿಯ ಬಣ್ಣದ ಪುಸ್ತಕಗಳು. ಜೊತೆಗೆ ತನ್ನ ಬುತ್ತಿ, ತನ್ನ ನೀರಿನ ಬಾಟಲಿ.

ಮಾತ್ರೆ ಕೊಡುವಾಗ ಒಂದು ಫೋಟೊ, ಬಿಸ್ಕತ್ತು ಕೊಡುವಾಗ ಒಂದು ಫೋಟೊ, ಪುಸ್ತಕ ತೆರೆದು ಯೇಸುಸ್ವಾಮಿಯ ಕಥೆ ಹೇಳುವಾಗ ಇನ್ನೊಂದು. ಸಂಜೆ ಎಲ್ಲವೂ ಮೊಬೈಲಿನಲ್ಲಿ ಧರ್ಮಾಧ್ಯಕ್ಷರ ಕಚೇರಿಗೆ ಹೋಗುತ್ತಿದ್ದವು. ಸೇವೆಯ ಮಾತು ದೇವರೇ ಬಲ್ಲ, ಫೋಟೊಗಳಂತೂ ಚೆನ್ನಾಗಿ ಬರುತ್ತಿದ್ದವು.

ಹಟ್ಟಿಯವರು ಕೊಟ್ಟದ್ದನ್ನು ತೆಗೆದುಕೊಳ್ಳುತ್ತಿದ್ದರು. "ಚಲೋ ಆತ್ರಿ" ಎಂದು ಕೈಮುಗಿದು ಮತ್ತೆ ಸುತ್ತಿಗೆ ಹಿಡಿಯುತ್ತಿದ್ದರು. ಹನ್ನೊಂದು ತಿಂಗಳಲ್ಲಿ ಒಬ್ಬರೂ ಅವನ ಹೆಸರು ಕೇಳಲಿಲ್ಲ. ಅವನು ಬಂದರೆ "ಚೀಲದ ಸ್ವಾಮಿ ಬಂದ" ಎನ್ನುತ್ತಿದ್ದರು.

ಒಂದು ಮಂಗಳವಾರ ಚೌರಪ್ಪ ಗುರುಗಳ ಮುಂದೆ ಕೂತು ಹೇಳಿಯೇಬಿಟ್ಟ. "ಗುರುಗಳೇ, ಆ ಜನ ಕಲ್ಲು ಒಡೆದು ಒಡೆದು ಕಲ್ಲೇ ಆಗಿಬಿಟ್ಟಿದ್ದಾರೆ. ನಾನು ಇಷ್ಟೆಲ್ಲ ಕೊಟ್ಟೆ. ಯಾರ ಮನಸ್ಸೂ ಕರಗಲಿಲ್ಲ."

"ಅವರು ನಿನಗೆ ಏನು ಕೊಟ್ಟರು?" ಎಂದರು ಗುರುಗಳು.

"ಅವರು? ಅವರ ಹತ್ತಿರ ಏನಿದೆ ಕೊಡೋಕೆ?"

ಗುರುಗಳು ಎದ್ದು ಚೀಲವನ್ನು ಗೂಟಕ್ಕೆ ನೇತುಹಾಕಿದರು. ಬುತ್ತಿಯ ಡಬ್ಬಿಯನ್ನು ಒಳಗಿಟ್ಟರು. ಆಮೇಲೆ ಕೈಚಾಚಿದರು. ಚೌರಪ್ಪ ಒಲ್ಲದ ಮನಸ್ಸಿನಿಂದ ಮೊಬೈಲನ್ನೂ ಕೊಟ್ಟ.

"ನಾಳೆ ಹೀಗೇ ಹೋಗು."

"ಬರೀ ಕೈಯಲ್ಲಿ ಹೋಗಿ ಏನು ಮಾಡಲಿ?"

"ಹೋಗು. ಗೊತ್ತಾಗುತ್ತೆ."

ಮರುದಿನ ಚೌರಪ್ಪ ಹಟ್ಟಿಗೆ ಹೋದ. ಮಕ್ಕಳು ಓಡಿ ಬಂದು, ಚೀಲ ಕಾಣದೆ, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿದರು. ಅವನಿಗೆ ನಾಚಿಕೆಯಾಯಿತು. ಸುಮ್ಮನೆ ನಿಂತರೆ ಕಾಲು ನಿಲ್ಲಲಿಲ್ಲ, ಕೂತರೆ ಮೈ ಒಗ್ಗಲಿಲ್ಲ. ಕೊನೆಗೆ ಕಲ್ಲು ಸಾಗಿಸುತ್ತಿದ್ದ ಹೆಂಗಸರ ಸಾಲಿಗೆ ಹೋಗಿ, ತಾನೂ ಒಂದು ಕಲ್ಲಿಗೆ ಕೈಹಾಕಿದ.

"ಹಂಗ ಎತ್ತಬ್ಯಾಡ್ರೀ!" ಎಂದು ಯಾರೋ ಕೂಗಿದರು.

ಆ ಹಟ್ಟಿಯಲ್ಲಿ ನಡೆಯಲು ಕಲಿತ ಕೂಸಿಗೂ ಒಂದು ಮಾತು ಗೊತ್ತು. ಕಲ್ಲನ್ನು ಮೊದಲು ಹಾರೆಯಿಂದ ಮಗುಚಬೇಕು, ಅಡಿಯಲ್ಲಿ ಏನಿದೆ ನೋಡಬೇಕು, ಆಮೇಲೆ ಕೈ. ದೇವಶಾಸ್ತ್ರವನ್ನು ನಾಲ್ಕು ವರ್ಷ ಓದಿದ ಚೌರಪ್ಪನಿಗೆ ಅದು ಗೊತ್ತಿರಲಿಲ್ಲ. ಬೆರಳಿಗೆ ಬೆಂಕಿ ತಗುಲಿದಂತಾಯಿತು. ಕಲ್ಲನ್ನು ಎಸೆದು ಅಲ್ಲೇ ಕುಸಿದ.

ಹುಲಿಗೆಮ್ಮ ಎಂಬ ಮುದುಕಿ ಸುತ್ತಿಗೆ ಬಿಟ್ಟು ಓಡಿ ಬಂದಳು. ಕಲ್ಲಿನ ಅಡಿ ನೋಡಿದಳು.

"ಕರೀ ಚೇಳಪ್ಪ. ಸಾಯಂಗಿಲ್ಲ, ಹೆದರಬ್ಯಾಡ. ಅಳು ಬಂದ್ರ ಅಳು."

ಅವನು ಅತ್ತ. ಹಟ್ಟಿಯೆಲ್ಲ ನೆರೆದು ನೋಡುತ್ತಿರುವಾಗ "ಅವ್ವಾ, ಅವ್ವಾ" ಎಂದು ಚಿಕ್ಕ ಮಗುವಿನಂತೆ ಅತ್ತ. ಹುಲಿಗೆಮ್ಮ ಅವನನ್ನು ತನ್ನ ಗುಡಿಸಲಿಗೆ ನಡೆಸಿಕೊಂಡು ಹೋದಳು. ಏನೋ ಬೇರು ತೇಯ್ದು ಹಚ್ಚಿದಳು. ವಾಂತಿಯಾದಾಗ ಹಣೆ ಹಿಡಿದಳು, ನೆಲ ಬಳಿದಳು. ಬಿಸಿಲು ಇಳಿಯುವವರೆಗೂ ಅವನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಳು. ಅವಳ ಆ ದಿನದ ಕೂಲಿ ಹೋಯಿತು, ಅದರ ಮಾತನ್ನು ಅವಳು ಎತ್ತಲಿಲ್ಲ.

ನೋವು ಇಳಿದ ಮೇಲೆ ಅವನು ಅವಳ ಗಡಿಗೆಯಿಂದ ನೀರು ಕೇಳಿ ಕುಡಿದ. ಅವಳು ಅವನನ್ನೇ ನೋಡಿದಳು.

"ನಮ್ಮನ್ಯಾಗ ಕುಡೀತಿಯೇನ? ಬಾಟ್ಲಿ ಹಿಡಕೊಂಡು ಬರ್ತಿದ್ದಿ. ನಮ್ಮ ನೀರು ನಿನಗ ಆಗಂಗಿಲ್ಲ ಅಂತ ತಿಳಿದಿದ್ವಿ."

ಚೌರಪ್ಪನಿಗೆ ಮುಖವೆತ್ತಲು ಆಗಲಿಲ್ಲ.

"ನಿನ್ನ ಹೆಸರೇನಪ್ಪ?" ಎಂದಳು ಮುದುಕಿ.

ಸಂಜೆ ಕೈ ಊದಿಸಿಕೊಂಡು ಆಶ್ರಮಕ್ಕೆ ಬಂದ ಶಿಷ್ಯನನ್ನು ಕಂಡು ಗುರುಗಳ ಮುಖವೇ ಬಿಳಿಚಿಕೊಂಡಿತು. ನಡೆದದ್ದನ್ನೆಲ್ಲ ಕೇಳಿ ತಲೆಯ ಮೇಲೆ ಕೈಯಿಟ್ಟುಕೊಂಡರು.

"ಚೇಳಿನ ವಿಷಯ ನನಗೆ ಹೊಳೆಯಲೇ ಇಲ್ಲ ಮಗನೇ. ತಪ್ಪು ನನ್ನದು."

"ತಪ್ಪು ನನ್ನದೇ ಗುರುಗಳೇ," ಎಂದ ಚೌರಪ್ಪ. "ಹನ್ನೊಂದು ತಿಂಗಳು ಅವರಿಗೆ ಮದ್ದು ಕೊಡೋಕೆ ಹೋದವನು ನಾನು. ಇವತ್ತು ಅವರೇ ನನಗೆ ಮದ್ದು ಹಾಕಿದರು. ನಾನು ಯೇಸುಸ್ವಾಮಿಯ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಹೇಳೋದಿರಲಿ, ನೋವು ಬಂದಾಗ ಸ್ವಾಮಿಯ ಹೆಸರು ನೆನಪಿಗೇ ಬರಲಿಲ್ಲ. ಅವ್ವಾ ಅಂತ ಅತ್ತೆ. ನಾನು ಇದಕ್ಕೆ ಲಾಯಕ್ಕಲ್ಲ. ನೀವು ಕಾಗದ ಬರೆಯೋ ಕಷ್ಟ ತಗೋಬೇಡಿ. ನಾನೇ ಊರಿಗೆ ಹೋಗ್ತೀನಿ."

ಗುರುಗಳು ಒಳಗೆ ಹೋದರು. ಗಂಜಿ ತಂದು, ಬಲಗೈ ಊದಿದ್ದವನಿಗೆ ತಾವೇ ಕುಡಿಸಿದರು.

ಬೆಳಗಿನ ಪ್ರಾರ್ಥನೆ, ಬಲಿಪೂಜೆ ಮುಗಿಯಿತು. ಚೌರಪ್ಪ ಎಡಗೈಯಲ್ಲಿ ತನ್ನ ಬಟ್ಟೆ ಮಡಿಸುತ್ತಿದ್ದ. ಹೊಳೆಯ ಕಡೆಯಿಂದ ದೊಡ್ಡ ದನಿಯ ಮಾತು ಕೇಳಿಸಿತು. ಬಾಗಿಲಿಗೆ ಬಂದು ನೋಡಿದರೆ ಹರಿಗೋಲಿನಿಂದ ಹುಲಿಗೆಮ್ಮ ಇಳಿಯುತ್ತಿದ್ದಳು. ಅವಳ ಹಿಂದೆ ಹಟ್ಟಿಯ ಇಬ್ಬರು ಹೆಂಗಸರು.

ಗುರುಗಳು ಬೇವಿನ ಮರದ ಕೆಳಗೆ ನಿಂತುಬಿಟ್ಟರು. ಒಂಬತ್ತು ವರ್ಷದಲ್ಲಿ ಆ ಹಟ್ಟಿಯಿಂದ ಆಶ್ರಮಕ್ಕೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ.

"ಎಲ್ಲದಾನ ನಮ್ಮ ಚೌರಪ್ಪ?" ಎಂದಳು ಮುದುಕಿ. ಗುರುಗಳಿಗೆ ನಮಸ್ಕಾರವನ್ನೂ ಹೇಳದೆ ನೇರ ಅವನ ಹತ್ತಿರ ಹೋಗಿ ಕೈ ಹಿಡಿದು ನೋಡಿದಳು. "ಊತ ಇಳಿದೈತಿ. ರಾತ್ರಿ ನಿದ್ದಿ ಬಂತಿಲ್ಲ? ನನಗ ಬರಲಿಲ್ಲ ನೋಡು."

ಸೆರಗಿನ ಗಂಟು ಬಿಚ್ಚಿ ಜೋಳದ ರೊಟ್ಟಿ, ಪುಂಡಿಪಲ್ಯ ಮುಂದಿಟ್ಟಳು. ಎಲ್ಲರೂ ನೆರಳಲ್ಲಿ ಕೂತರು. ಚೌರಪ್ಪ ಎಡಗೈಯಲ್ಲೇ ತಿನ್ನತೊಡಗಿದ. ಕಣ್ಣು ತುಂಬಿ ಬಂದು ರೊಟ್ಟಿ ಮಸುಕಾಗಿ ಕಂಡಿತು, ಆದರೆ ಎಷ್ಟೋ ದಿನದ ಮೇಲೆ ಊಟ ಗಂಟಲಲ್ಲಿ ಸಲೀಸಾಗಿ ಇಳಿಯಿತು.

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ," ಎಂದಳು ಹುಲಿಗೆಮ್ಮ. "ಪ್ರತಿ ಸಲ ನಿಮ್ಮ ದೇವರ ಸುದ್ದಿ ಹೇಳ್ತಿದ್ದಿ. ಅಷ್ಟು ನೋವಾದಾಗ ಅವನ್ನ ಕರೀತಿ ಅಂತ ನಾ ಕಾದೆ. ನೀ ಕರೀಲೇ ಇಲ್ಲ. ಯಾಕ?"

ಚೌರಪ್ಪ ಗುರುಗಳತ್ತ ನೋಡಿದ. ಗುರುಗಳು ಹೊಳೆಯತ್ತ ನೋಡುತ್ತಿದ್ದರು.

"ಮರೆತುಬಿಟ್ಟೆ ಅವ್ವ," ಎಂದ ಅವನು ಕೊನೆಗೆ. "ಸುಳ್ಳು ಯಾಕೆ ಹೇಳಲಿ. ನಾನು ಅವನನ್ನ ಮರೆತೆ. ಅವನು ನನ್ನ ಮರೀಲಿಲ್ಲ. ನಿನ್ನನ್ನ ಕಳಿಸಿಕೊಟ್ಟ."

ಮುದುಕಿ ನಕ್ಕಳು. ಜೊತೆಯ ಹೆಂಗಸರೂ ನಕ್ಕರು.

"ನನ್ನ ಯಾರೂ ಕಳಿಸಿಲ್ಲಪ್ಪ. ನೀ ಅತ್ತಿ, ನಾ ಬಂದೆ."

ಚೌರಪ್ಪ ಓದಿದ್ದೆಲ್ಲವನ್ನೂ ತಲೆಯೊಳಗೆ ತಡಕಾಡಿದ. ಆ ಮಾತಿಗೆ ಎದುರು ಹೇಳುವಂಥದ್ದು ಏನೂ ಸಿಗಲಿಲ್ಲ. ಸಿಗದೇ ಇದ್ದದ್ದಕ್ಕೆ ಅವನಿಗೆ ದುಃಖವೂ ಆಗಲಿಲ್ಲ. ಎದೆಯ ಮೇಲಿನ ಭಾರವನ್ನು ಯಾರೋ ಎತ್ತಿ ಕೆಳಗಿಟ್ಟಂತೆ ಹಗುರವಾಯಿತು. ಗುರುಗಳು ಏನನ್ನುವರೋ ಎಂದು ಅವರತ್ತ ತಿರುಗಿದ.

ಇನ್ನಾಸಪ್ಪ ಗುರುಗಳು ತಮಗೂ ಒಂದು ರೊಟ್ಟಿ ಕೇಳಿ ತೆಗೆದುಕೊಂಡು, ಮುರಿಯುತ್ತ ಹೇಳಿದರು:

"ಆ ತಾಯಿ ಹೇಳಿದ್ದನ್ನ ಒಂದು ಕಡೆ ಬರೆದಿಟ್ಟುಕೋ ಚೌರಪ್ಪ. ನಿನ್ನ ದೀಕ್ಷೆಯ ದಿನ ಪ್ರಬೋಧನೆ ಕೊಡಬೇಕಾದವನು ನಾನು, ನನ್ನ ಹತ್ತಿರ ಅಷ್ಟು ಒಳ್ಳೆಯ ಮಾತು ಇನ್ನೊಂದಿಲ್ಲ."