ಗುಲಾಬಿಯ ನಾಲಗೆ

ನದಿ ಸಮುದ್ರ ಸೇರುವಲ್ಲಿ ಒಂದು ಪ್ರಯೋಗಾಲಯ. ಅಲ್ಲಿ ಗೋವರ್ಧನರಾಯರೆಂಬ ಮೇಷ್ಟ್ರು, ಸುಮಂತನೆಂಬ ಶಿಷ್ಯ. ಶಿಷ್ಯ ಬುದ್ಧಿವಂತನೇ, ಆದರೆ ನಿಂತಲ್ಲಿ ನಿಲ್ಲುವ ಆಸಾಮಿಯಲ್ಲ.

ಅವರ ಕೆಲಸ ನಾಜೂಕಿನದು. ರೋಗಿಯ ಮಾಂಸದ ತೆಳು ಪದರವನ್ನು ಗಾಜಿಗೆ ಅಂಟಿಸಿ, ಅದರ ಮೇಲೆ ದ್ರಾವಣ ಸಿಂಪಡಿಸಬೇಕು. ಆಮೇಲೆ ಯಂತ್ರ ಅದನ್ನು ಚುಕ್ಕಿ ಚುಕ್ಕಿಯಾಗಿ ಓದಿ, ರೋಗದ ಅಂಶ ಇದ್ದಲ್ಲೆಲ್ಲ ಕೆಂಪು ತೋರಿಸುತ್ತದೆ.

ಈ ಸಲ ಬಂದದ್ದು ಗುಲಾಬಿಯ ನಾಲಗೆಯ ಚೂರು. ಬಂದರಿನಲ್ಲಿ ಮೀನಿನ ಹರಾಜು ಕೂಗಿ ಬದುಕುವ ಹೆಂಗಸು, ಪಾಪ, ನಾಲಗೆಗೇ ಕ್ಯಾನ್ಸರ್. ಎಷ್ಟು ಕತ್ತರಿಸಬೇಕು, ಎಷ್ಟು ಉಳಿಸಬಹುದು ಎಂದು ಡಾಕ್ಟರು ಈ ಚಿತ್ರ ನೋಡಿಯೇ ತೀರ್ಮಾನಿಸುವವರಿದ್ದರು. ಸಂಜೆಯೊಳಗೆ ಕಳಿಸಿ ಅಂದಿದ್ದರು.

ಮೇಷ್ಟ್ರು ಹೇಳಿಕೊಟ್ಟದ್ದು ಇಷ್ಟೇ. ಹಗುರವಾಗಿ ಸಿಂಪಡಿಸು, ಒಣಗಲು ಬಿಡು, ಮತ್ತೆ ಸಿಂಪಡಿಸು. ತೊಯ್ಯಿಸಿಬಿಟ್ಟರೆ ಒಳಗಿನ ಅಂಶ ತನ್ನ ಜಾಗ ಬಿಟ್ಟು ಹರಿದುಹೋಗುತ್ತದೆ.

ಸುಮಂತ ಮೊದಲ ಪದರಕ್ಕೆ ಹಾಗೇ ಮಾಡಿದ. ಒಣಗುವುದನ್ನು ಕಾಯುತ್ತ ಕೂತು ತಲೆ ಚಿಟ್ಟು ಹಿಡಿಯಿತು. ಎದ್ದ, ಕೂತ, ಕಿಟಕಿಗೆ ಹೋಗಿ ಬಂದ, ಗಡಿಯಾರ ನೋಡಿದ. ಅಷ್ಟು ಕಾದರೂ ಬಂದ ಕೆಂಪು ಮಂಕು ಮಂಕು. ಇಂಥದ್ದನ್ನು ಕಳಿಸಿದರೆ ಡಾಕ್ಟರು ಏನಂದುಕೊಂಡಾರು ಎಂದು ಅವನಿಗೆ ಒಳಗೊಳಗೇ ಸಂಕಟ.

ಮೇಷ್ಟ್ರು ಊಟಕ್ಕೆ ಎದ್ದದ್ದೇ ತಡ, ಇನ್ನೊಂದು ಪದರ ತೆಗೆದು, ದ್ರಾವಣ ಪದರದ ಮೇಲೆ ನಿಲ್ಲುವಷ್ಟು ಸಿಂಪಡಿಸಿಯೇಬಿಟ್ಟ.

ಈ ಸಲ ಬಂತು ನೋಡಿ ಚಿತ್ರ, ದಾಸವಾಳ ಅರಳಿದ ಹಾಗೆ! ಸುಮಂತ ಹಿಗ್ಗಿ ಹೀರೇಕಾಯಿಯಾದ. ಮೇಷ್ಟ್ರು ಕೈ ಒರೆಸಿಕೊಳ್ಳುತ್ತ ಒಳಗೆ ಬರುವಾಗ ಅವನು ಡಾಕ್ಟರಿಗೆ ಫೋನ್ ಮಾಡಲು ಹೊರಟಿದ್ದ. ಹೇಗೆ ಸಿಂಪಡಿಸಿದೆ ಎಂದು ಅವರು ಕೇಳಿದರು. ಅವನು ಮುಚ್ಚುಮರೆಯಿಲ್ಲದೆ ಹೇಳಿದ, ಸ್ವಲ್ಪ ಹೆಮ್ಮೆಯಿಂದಲೇ.

ರಾಯರು ಬಯ್ಯಲಿಲ್ಲ. ಚಿತ್ರವನ್ನು ಕಾಗದದ ಮೇಲೆ ತೆಗೆಸಿ ಮೇಜಿನ ಮೇಲಿಟ್ಟರು. ನಾಲಗೆಯ ಚೂರು ಎಲ್ಲಿಂದ ಎಲ್ಲಿಯವರೆಗೆ ಇತ್ತೆಂದು ಅದರಲ್ಲಿ ತಾವೇ ಕಪ್ಪು ಗೆರೆ ಹಾಕಿ, ಪೆನ್ನನ್ನು ಅವನ ಕೈಗೆ ಕೊಟ್ಟರು.

"ಈಗ ನೀನು ಡಾಕ್ಟರು. ಕೆಂಪಿನ ಅಂಚು ಹಿಡಿದು ಗೆರೆ ಎಳಿ. ಅಷ್ಟೂ ಕತ್ತರಿಸಬೇಕು."

ಇದೇನು ಮಹಾ ಎಂದು ಸುಮಂತ ಶುರುಮಾಡಿದ. ಅಂಚು ಸಿಗಲೊಲ್ಲದು. ಪೆನ್ನು ಹೋದಷ್ಟೂ ಕೆಂಪು ಮುಂದೆ ಮುಂದೆ. ಇಷ್ಟು ಕತ್ತರಿಸಿದರೆ ಗುಲಾಬಿ ಇನ್ನು ಹರಾಜು ಕೂಗಿದ ಹಾಗೇ ಎಂದು ಅವನಿಗೆ ಆಗ ಹೊಳೆಯಿತು. ಪೆನ್ನು ಕಪ್ಪು ಗೆರೆ ದಾಟಿ ಬರಿ ಗಾಜಿನ ಜಾಗಕ್ಕೆ ಬಂದು ನಿಂತಿತು. ಅಲ್ಲೂ ಕೆಂಪು.

"ಯಾಕೆ ನಿಲ್ಲಿಸಿದೆ?"

"ಮೇಷ್ಟ್ರೇ, ಇಲ್ಲಿ ಮಾಂಸವೇ ಇಲ್ಲ."

ರಾಯರು ಬಗ್ಗಿ ನೋಡಿದರು.

"ಅಯ್ಯೋ ಪಾಪ, ಗಾಜಿಗೂ ಕ್ಯಾನ್ಸರ್ ಬಂದಿದೆ."