ಪಾಡ್ಯಕ್ಕೆ ಪಾಠವಿಲ್ಲ

ಹೊಳೆದಂಡೆಯ ಆ ಆಶ್ರಮದಲ್ಲಿ ಪಾಡ್ಯದ ದಿನ ಪಾಠವಿರಲಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಮರುದಿನ ಕಲಿತದ್ದು ತಲೆಯಲ್ಲಿ ನಿಲ್ಲುವುದಿಲ್ಲ ಎಂಬುದು ಹಿಂದಿನಿಂದ ಬಂದ ನಂಬಿಕೆ. ಅಂದು ಯಾರೂ ಪುಸ್ತಕ ಬಿಚ್ಚುವಂತಿಲ್ಲ.

ಅಂಥದೊಂದು ಪಾಡ್ಯದ ಬೆಳಿಗ್ಗೆ ಗುರು ತಮ್ಮ ಶಿಷ್ಯೆ ನಿಂಬೆವ್ವನನ್ನು ಕರೆದರು. ಗುರು ಮುಪ್ಪಿನ ಹೆಂಗಸು. ಎಲ್ಲರೂ ಅವ್ವಾರು ಎನ್ನುತ್ತಿದ್ದರು.

“ಹಾಳುಗುಡಿಗಳನ್ನು ನೋಡಿ ಬರೋಣ. ಬುತ್ತಿ ಕಟ್ಟಿಸು.”

ಅಡುಗೆಯ ಬಸಲಿಂಗವ್ವ ರೊಟ್ಟಿ ಕಟ್ಟುತ್ತ ದನಿ ತಗ್ಗಿಸಿದಳು.

“ಹೋದ ವರ್ಷ ಇಲ್ಲಿ ಕಲಿಯುತ್ತಿದ್ದ ದಾಕ್ಷಾಯಣಿಯನ್ನೂ ಹೀಗೇ ಕರಕೊಂಡು ಹೋದರು. ತಿರುಗಿ ಬಂದವರು ಅವ್ವಾರು ಒಬ್ಬರೇ.”

“ಅವಳು?”

“ಪರೀಕ್ಷೆ ಇದ್ದೀತು. ಪಾಸಾಗಲಿಲ್ಲ, ಕಳಿಸಿಬಿಟ್ಟರು. ಮತ್ತೇನು?”



ಗಂಡ ತೀರಿದ ಮೇಲೆ ಹಿಟ್ಟಿನ ಗಿರಣಿ ನಡೆಸಿ ಬದುಕಿದವಳು ನಿಂಬೆವ್ವ. ಗಿರಾಕಿಗಳು ಬಿಟ್ಟುಹೋದ ಹಳೆ ಪೇಪರು ಓದಿ ಓದಿ ಅಕ್ಷರ ಕಲಿತವಳು. ಇನ್ನೂ ಕಲಿಯಬೇಕೆಂಬ ಹಟಕ್ಕೆ ಗಿರಣಿ ಮಾರಿ ಇಲ್ಲಿಗೆ ಬಂದಿದ್ದಳು. ಕಳಿಸಿದರೆ ಹೋಗಲು ಈಗ ಜಾಗವಿರಲಿಲ್ಲ.

“ನಾನು ಪಾಸಾಗುತ್ತೇನೆ,” ಎಂದು ಬುತ್ತಿ ಎತ್ತಿಕೊಂಡಳು.

ಬಸ್ಸಿಳಿದು ಇಬ್ಬರೂ ನಡೆದರು. ಬಯಲ ತುಂಬ ಕಲ್ಲಿನ ಗುಡಿಗಳು. ಒಂದಕ್ಕೆ ಶಿಖರವಿಲ್ಲ, ಒಂದಕ್ಕೆ ಗೋಡೆಯಿಲ್ಲ. ದೇವರು ಯಾವುದರಲ್ಲೂ ಇಲ್ಲ.

ಮೊದಲ ಗುಡಿಯ ಮುಂದೆ ಗುರು ಚಪ್ಪಲಿ ಬಿಟ್ಟರು.

“ತಿಳಿಯಿತು, ಅವ್ವಾರೇ. ದೇವರು ಹೋದ ಮೇಲೂ ಜಾಗಕ್ಕೆ ಮರ್ಯಾದೆ ಕೊಡಬೇಕು.”

“ಒಳಗೆ ಕಲ್ಲು ತಣ್ಣಗಿರುತ್ತದೆ. ಅಂಗಾಲಿಗೆ ಹಿತ.”

ನಿಂಬೆವ್ವ ಅದನ್ನೂ ಮನಸ್ಸಿನಲ್ಲಿಟ್ಟುಕೊಂಡಳು.

ಮುಂದಿನ ಗುಡಿಯ ಬುಡದಲ್ಲಿ ಕಲ್ಲಿನ ಕುಳ್ಳನೊಬ್ಬ ಇಡೀ ಗೋಡೆಯನ್ನು ಹೊತ್ತು ಕೂತಿದ್ದ. ಗುರು ಬಗ್ಗಿ ನೋಡಿ ನಕ್ಕರು.

“ತಿಳಿಯಿತು, ಅವ್ವಾರೇ. ದೊಡ್ಡದನ್ನು ಹೊರುವವರು ಸಣ್ಣವರೇ.”

“ನನಗೆ ಬಸಲಿಂಗವ್ವನ ನೆನಪಾಯಿತು.”

“ಅಂದರೆ, ಅನ್ನ ಹಾಕುವವರೇ ಲೋಕವನ್ನು…”

“ಮುಖ ಅವಳ ಹಾಗಿದೆ ಅಂದೆ.”

ಬಿಸಿಲೇರಿತು. ಕಂಬಗಳ ಮಂಟಪವೊಂದರಲ್ಲಿ ಗುರು ಸೆರಗು ಮುಖಕ್ಕೆಳೆದು ಮಲಗಿದರು.

“ಇಲ್ಲಿ ಮಂಗಗಳಿವೆ. ಬುತ್ತಿ ನೋಡಿಕೋ.”

ಇದೇ ಪರೀಕ್ಷೆ ಎಂದುಕೊಂಡಳು ನಿಂಬೆವ್ವ. ಮಂಗ ಎಂದರೆ ಮನಸ್ಸು. ಬುತ್ತಿ ಎಂದರೆ ಗುರು ಕೊಟ್ಟ ವಿದ್ಯೆ. ಮನಸ್ಸು ಹಾರಾಡಿದರೆ ವಿದ್ಯೆ ಹೋಯಿತು.

ಅವಳು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ ಮನಸ್ಸನ್ನು ಕಾಯುತ್ತ ಕೂತಳು. ಅದು ಎಲ್ಲೂ ಹಾರಲಿಲ್ಲ.

ಕಣ್ಣು ತೆರೆದಾಗ ಬುತ್ತಿಯ ಬಟ್ಟೆ ಮಾತ್ರ ಇತ್ತು. ಎದುರಿನ ಮುರಿದ ಕಂಬದ ತುದಿಯಲ್ಲಿ ದೊಡ್ಡ ಮಂಗವೊಂದು ಕೊನೆಯ ರೊಟ್ಟಿಯನ್ನು ಸಾವಕಾಶವಾಗಿ ತಿನ್ನುತ್ತಿತ್ತು.

ಗುರು ಎದ್ದರು. “ಹಸಿವಾಯಿತು. ಬುತ್ತಿ ಬಿಚ್ಚು.”

ನಿಂಬೆವ್ವ ಕಂಬದತ್ತ ಕೈ ತೋರಿಸಿದಳು.

“ನೋಡಿಕೋ ಅಂದಿದ್ದೆನಲ್ಲ?”

“ಮಂಗ ಎಂದರೆ ಮನಸ್ಸು ಅಂದುಕೊಂಡೆ, ಅವ್ವಾರೇ.”

ಗುರು ಕಂಬವನ್ನೊಮ್ಮೆ ನೋಡಿದರು. “ಅದು ಮಂಗ.”

ನಿಂಬೆವ್ವ ಎದ್ದು ನಿಂತಳು. ತಲೆ ತಗ್ಗಿಸಲಿಲ್ಲ.

“ಪರೀಕ್ಷೆಯಲ್ಲಿ ಸೋತೆ. ಆದರೆ ನಾನು ಹೋಗುವವಳಲ್ಲ. ನೀವು ಕಳಿಸಿದರೂ ಹೋಗುವುದಿಲ್ಲ. ಬಾಗಿಲ ಹೊರಗೆ ಕೂತಾದರೂ ಪಾಠ ಕೇಳುತ್ತೇನೆ.”

“ಎಲ್ಲಿಗೆ ಕಳಿಸಲಿ ನಿನ್ನನ್ನು?”

“ದಾಕ್ಷಾಯಣಿಯನ್ನು ಕಳಿಸಿದಲ್ಲಿಗೆ.”

“ಅವಳು ಹೋದದ್ದು ತಂಗಿಯ ಬಾಣಂತನಕ್ಕೆ. ಊರು ಇಲ್ಲೇ ಮುಂದೆ. ಗುಡಿ ನೋಡಿದೆವು, ಬಸ್ಸು ಬಂತು, ಹತ್ತಿಸಿದೆ. ಈಗ ಆ ಕೂಸನ್ನು ಬಿಟ್ಟು ಬರಲು ಅವಳಿಗೆ ಮನಸ್ಸಿಲ್ಲ.”

“ಬಸಲಿಂಗವ್ವ ಬೇರೆಯೇ ಹೇಳಿದಳು.”

“ಅವಳು ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಕತೆ ಸಪ್ಪೆಯಾಗುತ್ತಿತ್ತು.”

“ಹಾಗಾದರೆ ಪರೀಕ್ಷೆ?”

“ಇವತ್ತು ಯಾವ ದಿನ?”

“ಪಾಡ್ಯ.”

“ಪಾಡ್ಯಕ್ಕೆ ಪಾಠವೇ ಇಲ್ಲ. ಪರೀಕ್ಷೆ ಎಲ್ಲಿಂದ ಬರಬೇಕು?”

ನಿಂಬೆವ್ವ ಕಂಬಕ್ಕೊರಗಿ ಕುಸಿದು ಕೂತಳು. ಬೆಳಿಗ್ಗೆಯಿಂದ ಬಿಗಿಹಿಡಿದ ಉಸಿರು ಒಮ್ಮೆಲೇ ಹೊರಬಂತು. ಕಲ್ಲು ತಣ್ಣಗಿತ್ತು. ಅಂಗಾಲಿಗೆ ನಿಜಕ್ಕೂ ಹಿತವಾಗಿತ್ತು.

ದಾರಿಬದಿಯಲ್ಲಿ ಒಬ್ಬಾಕೆ ಪೇರಲಹಣ್ಣು ಮಾರುತ್ತಿದ್ದಳು. ಉಪ್ಪು ಖಾರ ಹಚ್ಚಿಸಿಕೊಂಡು ಇಬ್ಬರೂ ತಿಂದರು.

“ದಿನವಿಡೀ ಗುಡಿ ನೋಡಿದೆಯಲ್ಲ,” ಎಂದರು ಗುರು. “ಆ ಕುಳ್ಳನ ಮೂಗು ಹೇಗಿತ್ತು?”

ನಿಂಬೆವ್ವನಿಗೆ ಕುಳ್ಳನ ಅರ್ಥ ನೆನಪಿತ್ತು. ಮೂಗು ನೆನಪಿಗೆ ಬರಲಿಲ್ಲ.

“ಬಸ್ಸಿಗೆ ಇನ್ನೂ ಹೊತ್ತಿದೆಯೇ, ಅವ್ವಾರೇ?”

“ಇದೆ.”

ಅವಳು ಕೈಯಲ್ಲಿದ್ದ ಹಣ್ಣನ್ನೂ ಬಿಡದೆ ಓಡಿದಳು.

ಗುಡಿಯ ಬುಡದಲ್ಲಿ ಮೊಣಕಾಲೂರಿ ನೋಡಿದಳು. ಇಳಿಬಿಸಿಲು ಕುಳ್ಳನ ಮುಖದ ಮೇಲೆ ಬಿದ್ದಿತ್ತು. ಊದಿದ ಕೆನ್ನೆ, ಮೊಂಡು ಮೂಗು, ಯಾರದೋ ಗುಟ್ಟು ಹೇಳಲು ಕಾದಂತೆ ಒಂದು ಬದಿಗೆ ಎಳೆದ ತುಟಿ.

ತಿರುಗಿ ಬರುವಾಗ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

“ಹೌದು, ಅವ್ವಾರೇ! ಬಸಲಿಂಗವ್ವನೇ! ಮೂಗೂ ಅವಳದೇ, ತುಟಿಯೂ ಅವಳದೇ!”

ಗುರು ಪೇರಲದ ಕೊನೆಯ ಚೂರನ್ನು ಬಾಯಿಗೆ ಹಾಕಿಕೊಂಡರು.

“ಅವಳ ಮುಂದೆ ಅನ್ನಬೇಡ. ನಾಳೆ ಬೆಳಿಗ್ಗೆ ನಮ್ಮಿಬ್ಬರಿಗೂ ಗಂಜಿ ಹಾಕುವವಳು ಅವಳೇ.”